ಕೆರೆ ಏರಿಯ ದಾರಿ ಮತ್ತು ಸಾಲದ ಕಾರು

ದಿವಾಳಿಯಾದವನು ಕೊಳ್ಳಬಾರದ ವಸ್ತುಗಳು ಪ್ರಪಂಚದಲ್ಲಿ ಬೇಕಾದಷ್ಟಿವೆ. ಆದರೆ ಅವನು ಕೊಳ್ಳಲು ಹೊರಟನೆಂದರೆ ಊರಿಗೆ ಊರೇ ಎದ್ದು ಕೂರುವಂಥ ವಸ್ತು ಕಾರೊಂದೇ. ಅವನು ಎಮ್ಮೆ ಕೊಂಡರೆ ‘ಪಾಪ, ಮನೆಗೆ ಹಾಲು ಬೇಕಲ್ಲ’ ಅನ್ನುತ್ತಾರೆ. ಸೈಕಲ್ಲು ಕೊಂಡರೆ ‘ಸದ್ಯ, ಚೇತರಿಸಿಕೊಂಡ’ ಅನ್ನುತ್ತಾರೆ. ಕಾರು ಕೊಂಡರೆ ಮಾತ್ರ ಕನಿಕರವೆಲ್ಲ ಒಂದೇ ಏಟಿಗೆ ಹಾರಿಹೋಗುತ್ತದೆ. ನಗದು ಕೊಟ್ಟು ಕೊಂಡರೆ ‘ಆವತ್ತು ಇದನ್ನೆಲ್ಲ ಎಲ್ಲಿ ಬಚ್ಚಿಟ್ಟಿದ್ದ?’ ಎಂಬ ಪ್ರಶ್ನೆ. ಸಾಲ ಮಾಡಿ ಕೊಂಡರೆ ‘ಈ ಸಲ ಯಾವ ಬಡಪಾಯಿ ಸಿಕ್ಕ?’ ಎಂಬ ಪ್ರಶ್ನೆ. ಉಳಿದ ದಾರಿ ಕದಿಯುವುದು. ಅದಕ್ಕೆ ಬೇಕಾದ ಧೈರ್ಯ ನನ್ನಲ್ಲಿದ್ದಿದ್ದರೆ ಮೊದಲಿಗೆ ದಿವಾಳಿಯೇ ಆಗುತ್ತಿರಲಿಲ್ಲ.

ನಾನು ದಿವಾಳಿಯಾದವನು ಎಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹೇಗೂ ಹೊಳಲ್ಕೆರೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ದಿವಾಳಿಯಾದದ್ದೂ ಸೋಡಾದಿಂದ. ಇಸ್ಪೀಟಿನಿಂದ ಹಾಳಾದವನಿಗೆ, ನಾಟಕದ ಕಂಪನಿ ಕಟ್ಟಿ ಹಾಳಾದವನಿಗೆ ಊರಿನಲ್ಲಿ ಒಂದು ಬಗೆಯ ಮರ್ಯಾದೆಯಿದೆ. ‘ಏನು ಮೆರೆದ ಮನುಷ್ಯ’ ಎಂದು ಜನ ಜಗಲಿಯ ಮೇಲೆ ಕೂತು ನೆನೆಸಿಕೊಳ್ಳುತ್ತಾರೆ. ಗೋಲಿ ಸೋಡಾದಿಂದ ಹಾಳಾದವನಿಗೆ ಅದೂ ಇಲ್ಲ. ನಮ್ಮ ಸೀಮೆಯ ಬಿಸಿಲು ನೋಡಿ ನಾನೊಂದು ಲೆಕ್ಕ ಹಾಕಿದ್ದೆ: ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಮೂರು ಕಡೆಯೂ ಜನರಿಗೆ ಬಾಯಾರಿಕೆಯಾಗುತ್ತದೆ ಎಂದು. ಆ ಲೆಕ್ಕ ಸರಿಯಾಗಿಯೇ ಇತ್ತು. ಬಾಯಾರಿಕೆಯಾದವರು ಕುಡಿದರು, ತೇಗಿದರು, ‘ಬರ್ಕೊಳ್ರಿ’ ಎಂದು ಹೋದರು. ಇನ್ನು ಖಾಲಿ ಬಾಟಲಿಗಳು. ಅವುಗಳೊಳಗೆ ಒಂದೊಂದು ಗೋಲಿ ಇರುತ್ತದೆ ಎಂಬುದು ನನಗೆ ವ್ಯಾಪಾರದ ವಿಷಯವಾಗಿದ್ದರೆ ಊರಿನ ಹುಡುಗರಿಗೆ ಬೇರೆಯೇ ವಿಷಯವಾಗಿತ್ತು. ಆ ಬೇಸಿಗೆ ಮುಗಿಯುವ ಹೊತ್ತಿಗೆ ಹೊಳಲ್ಕೆರೆಯ ಹುಡುಗರೆಲ್ಲರ ಜೇಬಿನಲ್ಲೂ ಗೋಲಿಗಳಿದ್ದವು, ನನ್ನ ಜೇಬಿನಲ್ಲಿ ಚಿತ್ರದುರ್ಗದ ಕೋರ್ಟಿಗೆ ಹೋಗುವ ಬಸ್ಸಿನ ಟಿಕೆಟ್ ಇತ್ತು.

ಅಲ್ಲಿ ವಕೀಲ ವೆಂಕೋಬರಾಯರು ನನ್ನ ಪರವಾಗಿ ದಿವಾಳಿ ಅರ್ಜಿ, ಅಂದರೆ ಪಾಪರ್ ಚೀಟಿ, ಹಾಕಿದರು. ‘ಇನ್ನು ನಿಮ್ಮನ್ನ ಯಾರೂ ಕೇಳೋ ಹಂಗಿಲ್ಲ’ ಎಂದು ಬೆನ್ನು ತಟ್ಟಿದರು. ಅವರ ಮಾತು ನಿಜವಾಯಿತು. ಯಾರೂ ಕೇಳಲಿಲ್ಲ. ದುಡ್ಡು ಮಾತ್ರವಲ್ಲ, ‘ಊಟ ಆಯ್ತಾ’ ಅಂತಲೂ ಕೇಳಲಿಲ್ಲ. ಬೈದಿದ್ದರೆ ಎದುರು ನಿಂತು ಎರಡು ಮಾತಾಡಬಹುದಿತ್ತು. ನಮ್ಮೂರಿನವರು ಬೈಯುವವರಲ್ಲ, ಮರುಗುವವರು. ನಾನು ಕಂಡೊಡನೆ ತಲೆ ತಗ್ಗಿಸಿ, ಏನೋ ತಪ್ಪು ಮಾಡಿದವರು ತಾವೇ ಎಂಬಂತೆ ಪಕ್ಕಕ್ಕೆ ಸರಿಯುತ್ತಿದ್ದರು.

ಇಂಥವರಿಗೆಂದೇ ನಮ್ಮೂರಿನಲ್ಲಿ ಕೆರೆ ಏರಿಯಿದೆ. ಏರಿ ಇರುವುದು ನೀರು ನಿಲ್ಲಿಸಲು ಎಂದು ಸರ್ಕಾರದವರು ತಿಳಿದಿದ್ದಾರೆ. ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗಲು ಇರುವುದು ಎರಡು ದಾರಿ. ಒಂದು ಓಣಿಯಿಂದ ನೇರ ಪೇಟೆ ರಸ್ತೆ, ಬೇಗ ಮುಟ್ಟಿಸುತ್ತದೆ. ಇನ್ನೊಂದು ಹಿತ್ತಿಲಿನಿಂದ ಏರಿ ಹತ್ತಿ, ಸುತ್ತಿ ಬಳಸಿ ಹೋಗುವ ಕಾಲುದಾರಿ. ಪೇಟೆಯಲ್ಲಿ ಯಾರಿಗಾದರೂ ಮುಖ ತೋರಿಸಲು ಆಗದವರು ಏರಿ ಹಿಡಿಯುತ್ತಾರೆ. ಅಲ್ಲಿ ಕೆಲವು ಮರ್ಯಾದೆಗಳಿವೆ. ಎದುರಿಗೆ ಬಂದವರನ್ನು ‘ಎಲ್ಲಿಗೆ’ ಎಂದು ಕೇಳುವಂತಿಲ್ಲ. ಇಬ್ಬರೂ ನೀರಿನ ಕಡೆ ನೋಡುತ್ತ ದಾಟಿಹೋಗಬೇಕು. ಊರಿನ ದೊಡ್ಡ ದೊಡ್ಡ ಮನುಷ್ಯರು ಒಮ್ಮೊಮ್ಮೆ ಅಲ್ಲಿ ನನಗೆ ಎದುರಾಗಿದ್ದಾರೆ, ಆಗೆಲ್ಲ ಇಬ್ಬರೂ ಬಾತುಕೋಳಿಗಳ ಬಗ್ಗೆ ವಿಶೇಷ ಆಸಕ್ತಿ ತೋರಿಸಿದ್ದೇವೆ. ‘ಫಲಾನಿಯವರು ಏರಿ ಹಿಡಿದರಂತೆ’ ಎಂದರೆ ಸಾಕು, ಹೊಳಲ್ಕೆರೆಯಲ್ಲಿ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಏರಿ ಹಿಡಿದದ್ದು ಮುಖ್ಯವಾಗಿ ಬಾಬು ಸಾಬರಿಂದಾಗಿ. ಪೇಟೆ ರಸ್ತೆಗೆ ತಿರುಗುವ ಮೂಲೆಯಲ್ಲೇ ಅವರ ಮರದ ಡಿಪೋ. ಮುತ್ತಜ್ಜನ ಕಾಲದಿಂದಲೂ ಅವರದು ಮರದ ಕೆಲಸದ ಮನೆತನ. ನನ್ನ ಸೋಡಾ ಬಾಟಲಿಗಳಿಗೆ ಬೇಕಾದ ಮರದ ಪೆಟ್ಟಿಗೆಗಳನ್ನೆಲ್ಲ ಮಾಡಿಕೊಟ್ಟವರು ಅವರೇ. ಸೋಡಾ ಯಂತ್ರ ಕೊಳ್ಳಲು ದುಡ್ಡು ಕಡಿಮೆ ಬಿದ್ದಾಗ ಕೈಯಿಂದ ಹಾಕಿದವರೂ ಅವರೇ. ಹಾಗಾಗಿ ನನ್ನ ಪಾಪರ್ ಚೀಟಿಯಲ್ಲಿ ಸಾಲ ಕೊಟ್ಟವರ ಹೆಸರುಗಳಲ್ಲಿ ಅವರದೇ ಮೊದಲು. ಅದಕ್ಕಿಂತ ಮೊದಲು ಬೇರೊಂದು ಸಂಬಂಧವಿತ್ತು. ದಿನಾ ಸಂಜೆ ಡಿಪೋ ಮುಂದಿನ ದಿಮ್ಮಿಯ ಮೇಲೆ ನಾವಿಬ್ಬರೂ ಕೂತು, ನನ್ನದೇ ಸೋಡಾ ಕುಡಿಯುತ್ತ, ಊರಿನ ಸಮಸ್ತರ ಬಗ್ಗೆಯೂ ಮಾತಾಡುತ್ತಿದ್ದೆವು. ದುಡ್ಡು ಮುಳುಗಿದ ಮೇಲೆ ನನಗೆ ಆ ದಿಮ್ಮಿಯನ್ನು ನೋಡಲೂ ಆಗಲಿಲ್ಲ. ಆಮೇಲೆ ಕೊಬ್ಬರಿ ದಲ್ಲಾಳಿ ಕೆಲಸ ಹಿಡಿದು ನಾಲ್ಕು ಕಾಸು ಕಂಡಾಗ, ಕೋರ್ಟು ಬಿಟ್ಟರೂ ನಾನು ಬಿಡಬಾರದು ಎಂದು ಸಣ್ಣಪುಟ್ಟವರದನ್ನೆಲ್ಲ ತೀರಿಸಿದೆ. ಬಾಬು ಸಾಬರದು ದೊಡ್ಡದು. ಸಣ್ಣ ಮೊತ್ತ ಹಿಡಿದುಕೊಂಡು ಅವರ ಮುಂದೆ ಹೋಗಿ ನಿಲ್ಲಲು ನಾಚಿಕೆ, ದೊಡ್ಡದಾಗಲಿ ಎಂದು ಕಾಯುತ್ತ ಏರಿಯ ಮೇಲೆ ನಡೆದೆ. ಚಪ್ಪಲಿ ಅಂಗಡಿಯವನಿಗೆ ಇದರಿಂದ ಒಳ್ಳೆಯ ವ್ಯಾಪಾರವಾಯಿತು.

ಇಂಥವನಿಗೆ ಕಾರು ಯಾಕೆ ಎಂದು ನೀವು ಕೇಳುತ್ತೀರಿ. ಗಿರಿಜೆಯ ಸಲುವಾಗಿ. ಗಿರಿಜೆ ನನ್ನ ಹೆಂಡತಿ, ಶ್ರೀರಾಂಪುರದ ಮನೆಮಗಳು. ನಾನು ದಿವಾಳಿಯಾದ ಸುದ್ದಿ ತಿಳಿದ ಅವಳ ತಮ್ಮ ಬಸಣ್ಣ ಹೊಳಲ್ಕೆರೆಗೆ ಬಂದು, ಕಾಫಿ ಕುಡಿದು, ಹೊರಡುವಾಗ ಅಕ್ಕನ ಕೈಗೆ ಎರಡು ನೋಟು ತುರುಕಿ, ‘ಅಕ್ಕ, ಹಬ್ಬಕ್ಕೆ ಬಾ. ಬಸ್ ಚಾರ್ಜಿಗೆ ಇಟ್ಕ. ಪಾಪ ಭಾವ ಎಲ್ಲಿಂದ ತರ್ತಾರೆ?’ ಅಂದ. ಒಳ್ಳೆಯ ಮನಸ್ಸಿನಿಂದಲೇ ಅಂದ, ಅದೇ ತೊಂದರೆ. ಗಿರಿಜೆ ಆ ನೋಟುಗಳನ್ನು ಅವನ ಅಂಗಿ ಜೇಬಿಗೇ ವಾಪಸ್ಸು ಹಾಕಿ, ‘ನಾನು ಬರೋದು ನಮ್ಮವರ ಗಾಡೀಲೇ ಕಣೋ ಬಸಣ್ಣ. ಅಲ್ಲೀತಂಕ ಬರಲ್ಲ’ ಅಂದುಬಿಟ್ಟಳು. ಹಬ್ಬಗಳು ಬಂದವು, ಹೋದವು, ಅವಳು ಹೋಗಲಿಲ್ಲ. ತವರಿನಿಂದ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಂತು ಕಣ್ಣೊರೆಸಿಕೊಂಡು, ಮುಖ ತೊಳೆದು ಬಂದು, ‘ಏನು ಒಲೆ ಹೊಗೆನಪ್ಪ’ ಅನ್ನುತ್ತಿದ್ದಳು. ಅವರಮ್ಮನಿಗೆ ವಯಸ್ಸಾಗಿತ್ತು. ಗಾಡಿ ಎಂದರೆ ಎತ್ತಿನ ಗಾಡಿಯಾದರೂ ಸಾಕಿತ್ತು ಅವಳಿಗೆ. ಆದರೆ ಹೊಳಲ್ಕೆರೆಯಿಂದ ಶ್ರೀರಾಂಪುರಕ್ಕೆ ಎತ್ತಿನ ಗಾಡಿಯಲ್ಲಿ ಹೊರಟರೆ ಯುಗಾದಿಗೆ ಹೊರಟವರು ಊರು ಮುಟ್ಟುವಾಗ ಹಬ್ಬದೂಟ ಹಳಸಿರುತ್ತದೆ.

ಅಷ್ಟರಲ್ಲಿ ಹಿರಿಯೂರಿನಲ್ಲಿ ಒಂದು ಕಾರು ಮಾರಾಟಕ್ಕಿದೆ ಎಂದು ಕೊಬ್ಬರಿ ಮಂಡಿಯಲ್ಲಿ ಸುದ್ದಿ ಸಿಕ್ಕಿತು. ತೀರಿಹೋದ ಡಾಕ್ಟರೊಬ್ಬರ ಕಾರು. ಕರಿ ಬಣ್ಣ, ದುಂಡು ಬೆನ್ನು. ಎಷ್ಟು ಹಳೆಯದೆಂದರೆ ಎದೆಯ ಮೇಲಿದ್ದ ಕಂಪನಿಯ ಹೆಸರಿನಲ್ಲಿ ಎರಡೇ ಅಕ್ಷರ ಉಳಿದಿದ್ದವು. ಒಂದು ಬಾಗಿಲನ್ನು ಒಳಗಿನಿಂದ ಮಾತ್ರ ತೆರೆಯಬಹುದಿತ್ತು, ಇನ್ನೊಂದನ್ನು ಹೊರಗಿನಿಂದ ಮಾತ್ರ. ನೋಡಿದ ಕೂಡಲೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತು. ನನ್ನಂತೆಯೇ ಅದೂ ಒಂದು ಕಾಲದಲ್ಲಿ ಮರ್ಯಾದೆಯಿಂದ ಬಾಳಿದ್ದು ಎಂಬುದು ನೋಡಿದರೇ ತಿಳಿಯುತ್ತಿತ್ತು.

ಬೆಲೆಯಲ್ಲಿ ಅರ್ಧ ನನ್ನ ಹತ್ತಿರವಿತ್ತು. ಉಳಿದರ್ಧಕ್ಕೆ ನಿನ್ನ ಬಂಗಾರದ ಸರ ಮಾರಿ ನಗದೇ ಕೊಟ್ಟುಬಿಡೋಣವೇ ಎಂದು ಗಿರಿಜೆಯನ್ನು ಕೇಳಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಸರ ಇಲ್ದೆ ಕಾರಿಂದ ಇಳಿದ್ರೆ ನಮ್ಮೂರೋರು ಕಾರು ನೋಡ್ತಾರೋ, ನನ್ನ ಕತ್ತು ನೋಡ್ತಾರೋ?’ ಎಂದಳು. ವೆಂಕೋಬರಾಯರ ಸಲಹೆ ಕೇಳಲು ಚಿತ್ರದುರ್ಗಕ್ಕೆ ಹೋದೆ. ಬಸ್ಸಿನಲ್ಲಿ ಸಿರಿಗೆರೆಯ ಕಾಲೇಜು ಹುಡುಗರ ನಡುವೆ ಒಂಟಿಕಾಲಿನಲ್ಲಿ ನಿಂತು ಹೋಗುವಾಗ ಕಾರು ಬೇಕೇ ಬೇಕು ಅನ್ನಿಸಿತು. ರಾಯರೂ ನಗದಿನ ಮಾತಿಗೆ ಕೈ ಅಡ್ಡ ಆಡಿಸಿದರು. ‘ನೋಡ್ರಿ, ನಗದು ಯಾರ ಹತ್ರ ಬೇಕಾದ್ರೂ ಇರ್ತೈತೆ, ಕಳ್ಳನ ಹತ್ರಾನೂ ಇರ್ತೈತೆ. ಸಾಲ ಹಂಗಲ್ಲ. ನಂಬಿಕೆ ಇರೋ ಮನುಷ್ಯನಿಗೇ ಸಾಲ ಹುಟ್ಟೋದು. ನಿಮಗೆ ಸಾಲ ಕೊಟ್ರು ಅಂತ ಊರಿಗೆ ಗೊತ್ತಾಗ್ಲಿ, ಆವತ್ತಿಗೆ ನಿಮ್ಮ ಪಾಪರ್ ತೀರ್ತು’ ಎಂದರು. ಅಲ್ಲಿಯವರೆಗೆ ಸಾಲ ಎಂದರೆ ಕೊರಳಿಗೆ ಬಿದ್ದ ಕಲ್ಲು ಎಂದುಕೊಂಡಿದ್ದ ನನಗೆ, ಅದು ಕೊರಳಿಗೆ ಹಾಕುವ ಹಾರವೂ ಆಗಬಹುದೆಂದು ಆವತ್ತೇ ತಿಳಿದದ್ದು.

ಊರಿಗೆ ಹೊಸದಾಗಿ ಬಂದಿದ್ದ ಬ್ಯಾಂಕಿನ ಮ್ಯಾನೇಜರು ಕರಾವಳಿಯವರು. ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ‘ನಿಮ್ಮದು ಎಲ್ಲ ಸರಿಯುಂಟು ಮಾರಾಯ್ರೆ. ಊರಿನ ಆಸ್ತಿವಂತರು ಒಬ್ಬರು ಜಾಮೀನು ಹಾಕಿದರೆ ಸಾಕು’ ಅಂದರು. ಸಾಕು ಎಂಬ ಮಾತನ್ನು ಅಷ್ಟು ಹಗುರವಾಗಿ ಆಡಿದವರನ್ನು ನಾನು ಬೇರೆ ಕಂಡಿಲ್ಲ. ಅಕ್ಕಿ ಗಿರಣಿಯ ಮಾಲೀಕರ ಹತ್ತಿರ ಹೋದೆ. ‘ಹಾಕ್ತಿದ್ದೆ ತಿಪ್ಪಣ್ಣ, ಆದ್ರೆ ಈಚೆಗೆ ಕೈ ನಡುಗ್ತೈತೆ, ಸಹಿ ಒಂದೇ ಥರ ಬರಲ್ಲ’ ಎಂದರು. ಹೇಳುತ್ತಲೇ ಬಿಸಿ ಚಹಾವನ್ನು ಬಸಿಯ ಅಂಚಿನವರೆಗೆ ತುಂಬಿ, ಒಂದು ಹನಿಯೂ ಚೆಲ್ಲದಂತೆ ಬಾಯಿಗೆ ಒಯ್ದರು. ಬಟ್ಟೆ ಅಂಗಡಿಯವರ ಹತ್ತಿರ ಹೋದೆ. ‘ಯಾರಿಗೂ ಜಾಮೀನು ಬೀಳಬ್ಯಾಡ ಅಂತ ನಮ್ಮಪ್ಪ ಸಾಯುವಾಗ ಆಣೆ ಹಾಕ್ಸಿಕೊಂಡವ್ರೆ’ ಎಂದು ಕಣ್ಣು ತುಂಬಿಕೊಂಡರು. ಅವರಪ್ಪ ಹೊರಗೆ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ನಾನು ಹೊರಡುವಾಗ ‘ಏನಪ್ಪಾ ತಿಪ್ಪೇಸ್ವಾಮಿ, ಬಂದ ಕೆಲಸ ಆತಾ?’ ಎಂದು ಪೂರ್ತಿ ಹೆಸರು ಹಿಡಿದು ವಿಚಾರಿಸಿದರು. ಅವರಿಗೆ ಏನು ಹೇಳುವುದೋ ತಿಳಿಯದೆ, ‘ಚೆನ್ನಾಗಿರಿ’ ಎಂದು ಕೈಮುಗಿದು ಬಂದೆ.

ಆ ಸಂಜೆ ಏರಿಯ ಮೇಲೆ ಮನೆಗೆ ಬರುತ್ತಿದ್ದೆ. ಗಿರಿಜೆಗೆ ‘ಆಗಲಿಲ್ಲ’ ಎಂದು ಹೇಗೆ ಹೇಳುವುದು ಎಂಬುದೇ ಯೋಚನೆ. ಅಷ್ಟರಲ್ಲಿ ತೂಬಿನ ಕಲ್ಲಿನ ಮೇಲೆ ಯಾರೋ ಕೂತದ್ದು ಕಂಡಿತು. ಪದ್ಧತಿಯಂತೆ ನೀರಿನ ಕಡೆ ಮುಖ ಮಾಡಿಕೊಂಡು ದಾಟಲು ಹೋದೆ.

‘ಎಲ್ಲಿಗೆ ಹೊಂಟ್ರಿ ತಿಪ್ಪಣ್ಣೋರೆ?’ ಎಂದಿತು ಧ್ವನಿ.

ಏರಿಯ ಮೇಲೆ ಆ ಪ್ರಶ್ನೆ ಕೇಳುವಂತಿಲ್ಲ. ನಾನು ಬೆಚ್ಚಿಬಿದ್ದು ತಿರುಗಿದೆ. ಬಾಬು ಸಾಬರು. ಏರಿ ಹತ್ತುವಂಥ ಯಾವ ಗ್ರಹಚಾರವೂ ಇಲ್ಲದ ಮನುಷ್ಯ, ಪಂಚೆ ಮೇಲೆತ್ತಿ ಕಟ್ಟಿ, ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

‘ಕುಂತ್ಕಳ್ರಿ’ ಎಂದರು. ಕೂತೆ. ‘ಜಾಮೀನಿಗೆ ಊರೆಲ್ಲ ತಿರುಗಿದ್ರಂತೆ. ನನ್ನ ಯಾಕೆ ಕೇಳ್ಲಿಲ್ಲ?’

‘ಯಾವ ಮುಖ ಇಟ್ಟುಕೊಂಡು ಕೇಳಲಿ ಸಾಬರೆ?’

‘ಅದೇ ಮುಖ, ಇನ್ಯಾವ್ದು? ಎಷ್ಟು ದಿನ ಆತು ಅದನ್ನ ನೋಡಿ.’ ಅವರು ಮತ್ತೊಮ್ಮೆ ಬೆವರು ಒರೆಸಿಕೊಂಡರು. ‘ನೋಡ್ರಿ, ಸೋಡಾ ಪೆಟ್ಟಿಗೆ ದುಡ್ಡು ಹೋತು. ಆಗ್ಲಿ, ವ್ಯಾಪಾರದಾಗೆ ಹೋಗ್ತೈತೆ, ಬರ್ತೈತೆ. ದಿನಾ ಸಂಜೆ ದಿಮ್ಮಿ ಮ್ಯಾಲೆ ಕುಂತು ಮಾತಾಡ್ತಿದ್ದ ಮನುಷ್ಯಾನೂ ಹೋದನಲ್ಲ, ಅದನ್ನ ಕೊಡ್ಸು ಅಂತ ನಾನು ಯಾವ ಕೋರ್ಟಿಗೆ ಹೋಗ್ಲಿ? ನಿಮ್ಮ ಪಾಪರ್ ಚೀಟೀಲಿ ಅದನ್ನ ಬರ್ದೇ ಇಲ್ಲ.’

ನಾನು ನೀರಿನಲ್ಲಿ ಬಾತುಕೋಳಿಗಳನ್ನು ಹುಡುಕಿದೆ.

‘ನಾನು ಸಹಿ ಹಾಕ್ತೀನಿ. ಪುಕ್ಕಟೆ ಅಲ್ಲ ಮತ್ತೆ. ಈ ಏರಿ ಮ್ಯಾಲೆ ಕಾರು ಬರಲ್ಲ. ನಿಮ್ಮ ಮನೆಯಿಂದ ಕಾರು ಹೊರಗೆ ಬರ್ಬೇಕು ಅಂದ್ರೆ ನಮ್ಮ ಡಿಪೋ ಮುಂದೇನೇ ಬರ್ಬೇಕು, ಬ್ಯಾರೆ ದಾರಿ ಇಲ್ಲ. ಎಲ್ಲಾ ಯೋಚ್ನೆ ಮಾಡೇ ಬಂದಿವ್ನಿ’ ಎಂದು ಬಾಬು ಸಾಬರು ಗೆದ್ದವರಂತೆ ನಕ್ಕರು.

ನಾನು ಅತ್ತೆ. ಹೇಳಿಕೊಳ್ಳಲು ಸಂಕೋಚವೇನಿಲ್ಲ, ಚೆನ್ನಾಗಿಯೇ ಅತ್ತೆ. ಆಗ ಯಾರೋ ಇಬ್ಬರು ಏರಿಯ ಮೇಲೆ ದಾಟಿಹೋದರು, ನೀರಿನ ಕಡೆ ನೋಡುತ್ತ. ಆ ಪದ್ಧತಿಗೆ ಆವತ್ತು ಮನಸ್ಸಿನಲ್ಲೇ ಕೈಮುಗಿದೆ.

ಮಾರನೆಯ ದಿನ ಬ್ಯಾಂಕಿನಲ್ಲಿ ಮ್ಯಾನೇಜರು ಬಾಬು ಸಾಬರನ್ನು, ‘ನಿಮಗೆ ಇವರ ಪರಿಚಯ ಹೇಗೆ?’ ಎಂದು ಕೇಳಿದರು. ಸಾಬರು ಬಹಳ ಹೆಮ್ಮೆಯಿಂದ, ‘ಇವರ ಪಾಪರ್ ಚೀಟೀಲಿ ಮೊದಲನೇ ಹೆಸರು ನಂದೇ ಸಾಮಿ’ ಎಂದರು. ಮ್ಯಾನೇಜರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಇಬ್ಬರನ್ನೂ ನೋಡಿದರು. ತಮ್ಮ ಊರಿಗೆ ವರ್ಗ ಕೇಳುವ ಯೋಚನೆ ಅವರಿಗೆ ಬಂದದ್ದು ಆಗಲೇ ಇರಬೇಕು. ಆದರೆ ಸಾಲ ಕೊಟ್ಟರು.

ಕಾರು ಬಂತು. ಹಿರಿಯೂರಿನ ಡ್ರೈವರು ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ದಕ್ಷಿಣೆ ತೆಗೆದುಕೊಂಡು ಬಸ್ಸಿಗೆ ಹೋದ. ಗಿರಿಜೆ ರೇಷ್ಮೆ ಸೀರೆ ಉಟ್ಟು, ಸರ ಕಾಣುವಂತೆ ಸೆರಗು ಸರಿಮಾಡಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ನಾನು ಮುಂದೆ ಕೂತೆ. ಕೂತೇ ಇದ್ದೆ. ನಗದೋ ಸಾಲವೋ ಎಂದು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡವನಿಗೆ, ವಕೀಲರಿಗೆ, ಮ್ಯಾನೇಜರಿಗೆ, ಯಾರೊಬ್ಬರಿಗೂ ನನಗೆ ಕಾರು ಬಿಡಲು ಬರುವುದಿಲ್ಲ ಎಂಬ ಸಣ್ಣ ವಿಷಯ ಹೊಳೆದಿರಲಿಲ್ಲ. ‘ಯಾಕೆ, ಇನ್ನೂ ಮುಹೂರ್ತ ಆಗಿಲ್ವಾ?’ ಎಂದಳು ಗಿರಿಜೆ. ನಾನು ಸುಮ್ಮನೆ ಹಾರನ್ ಒತ್ತಿದೆ. ಅದೊಂದು ಕೆಲಸ ನನಗೆ ಬರುತ್ತಿತ್ತು. ಮೂಲೆಯ ಡಿಪೋದಿಂದ ಬಾಬು ಸಾಬರು ಬಂದು ನೋಡಿ, ಹೊಟ್ಟೆ ಹಿಡಿದು ನಕ್ಕು, ‘ಸರೀರಿ ಆ ಕಡೆ’ ಎಂದರು. ಪ್ರಾಯದಲ್ಲಿ ಮರದ ಲಾರಿ ಬಿಟ್ಟವರು ಅವರು. ‘ಹೋಗಾಣ ನಡೀರಿ ತಂಗ್ಯಮ್ಮ’ ಎಂದು ಗೇರು ಹಾಕಿದರು.

ಶ್ರೀರಾಂಪುರದಲ್ಲಿ ಅರ್ಧ ಊರು ಸೇರಿತು. ಬಸಣ್ಣ ಕಾರಿನ ಸುತ್ತ ಬಂದು, ಚಕ್ರ ಒದ್ದು ನೋಡಿ, ‘ನಗದೋ ಸಾಲವೋ ಭಾವ?’ ಎಂದು ಎಲ್ಲರ ಎದುರಿಗೇ ಕೇಳಿದ. ನಾನು ನೆಲ ನೋಡಿದೆ. ಗಿರಿಜೆ ಹೊರಗಿನಿಂದ ಮಾತ್ರ ತೆರೆಯುವ ಬಾಗಿಲಿನ ಒಳಗಿದ್ದಳು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಓಣಿಗೆಲ್ಲ ಕೇಳುವಂತೆ ಹೇಳಿದಳು: ‘ಸಾಲ ಕಣೋ, ಸಾಲ! ನಮ್ಮವರನ್ನ ನಂಬಿ ಸಾಲ ಕೊಟ್ಟವ್ರೆ. ಅಗೋ, ಜಾಮೀನು ಹಾಕಿದೋರೇ ಗಾಡಿ ಬಿಟ್ಕಂಡು ಬಂದವ್ರೆ. ಬಾಗ್ಲು ತೆಗಿ ಮೊದ್ಲು.’ ಸಾಲದ ಸುದ್ದಿಯನ್ನು ಗಂಡು ಮಗು ಹುಟ್ಟಿದ ಸುದ್ದಿಯಂತೆ ಸಾರಿದ ಹೆಂಗಸನ್ನು ಆ ಊರು ಅದಕ್ಕೆ ಮೊದಲು ಕಂಡಿರಲಿಕ್ಕಿಲ್ಲ. ಬಸಣ್ಣ ಬಾಗಿಲು ತೆಗೆದ. ನಮ್ಮತ್ತೆ ಮಗಳ ಮುಖವನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಇಬ್ಬರೂ ಅತ್ತರು, ಈ ಸಲ ಒಲೆಯ ಮೇಲೆ ತಪ್ಪು ಹಾಕಲಿಲ್ಲ. ಮಧ್ಯಾಹ್ನದ ಊಟಕ್ಕೆ ಬಾಬು ಸಾಬರಿಗೂ ನನಗೂ ಅಕ್ಕಪಕ್ಕ ಎಲೆ ಹಾಕಿದರು, ಅವರ ಎಲೆಗೆ ನನ್ನದಕ್ಕಿಂತ ಹೆಚ್ಚು ತುಪ್ಪ ಬಿತ್ತು.

ಆಮೇಲೆ ಸಾಬರೇ ನನಗೆ ಕಾರು ಬಿಡಲು ಕಲಿಸಿದರು. ಬ್ಯಾಂಕಿನ ಸಾಲ ತೀರಿತು. ಸಾಬರ ಹಳೆಯ ಬಾಕಿಯೂ ಕೊನೆಗೊಂದು ದಿನ ತೀರಿತು, ಅವರು ಬೇಡ ಬೇಡ ಎಂದು ಕೂಗಾಡುತ್ತಿದ್ದಂತೆಯೇ. ಕಾರಿನಿಂದ ನನಗೆ ಸಮಯ ಉಳಿಯಿತೇ ಎಂದರೆ ಇಲ್ಲ. ಹೋಗುವಾಗ ಡಿಪೋ ಮುಂದೆ ಒಂದು ಚಹಾ, ಬರುವಾಗ ಒಂದು ಚಹಾ. ಬಸ್ಸಿಗೆ ಹೋಗುತ್ತಿದ್ದಾಗ ನಾನು ಮಂಡಿಗೆ ಬೇಗ ತಲುಪುತ್ತಿದ್ದೆ. ಕಾರು ಮತ್ತು ಚಹಾ ಎರಡೂ ಸೇರಿ ನನ್ನ ಹೊಟ್ಟೆಯನ್ನು ಮುಂದಕ್ಕೆ ತಂದವು.

ಮೊನ್ನೆ ಡಾಕ್ಟರು ಆ ಹೊಟ್ಟೆಯನ್ನು ತಟ್ಟಿ ನೋಡಿ, ಬೆಳಿಗ್ಗೆ ಒಳ್ಳೆಯ ಗಾಳಿಯಲ್ಲಿ ನಡೆಯಿರಿ ಎಂದರು. ನಮ್ಮೂರಿನಲ್ಲಿ ಒಳ್ಳೆಯ ಗಾಳಿ ಎಂದರೆ ಕೆರೆ ಏರಿಯೇ. ಹಳೆಯ ದಾರಿ, ಕಾಲಿಗೆ ಗೊತ್ತಿದ್ದದ್ದು. ಮೊದಲ ದಿನ ಹಾಯಾಗಿ ಕೈ ಬೀಸಿಕೊಂಡು ನಡೆದೆ. ಎದುರಿಗೆ ಬಂದವರು ಒಂದು ಕ್ಷಣ ನನ್ನನ್ನು ನೋಡಿ, ಥಟ್ಟನೆ ನೀರಿನ ಕಡೆ ತಿರುಗಿದರು. ಮರುದಿನ ಕಿರಾಣಿ ಅಂಗಡಿಯವನು ‘ಇವತ್ತು ನಗದಾದ್ರೆ ಒಳ್ಳೇದಿತ್ತು’ ಎಂದು ಗೊಣಗಿದ. ಅದರ ಮರುದಿನ ಮಂಡಿಯಿಂದ ಇಬ್ಬರು ಸುಮ್ಮನೆ ಯೋಗಕ್ಷೇಮ ವಿಚಾರಿಸಲು ಮನೆಗೆ ಬಂದು, ಕಾರು ಬಾಗಿಲಲ್ಲೇ ಇದೆಯೇ ಎಂದು ನೋಡಿಕೊಂಡು ಹೋದರು.

ನನಗಿನ್ನೂ ಅರ್ಥವಾಗಿರಲಿಲ್ಲ. ಮತ್ತೆ ಏರಿ ಹತ್ತಿದೆ. ತೂಬಿನ ಕಲ್ಲಿನ ಹತ್ತಿರ ಬರುವಾಗ ಹಿಂದಿನಿಂದ ಏದುಸಿರು ಕೇಳಿಸಿತು. ಬಾಬು ಸಾಬರು, ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು, ಮಂಡಿನೋವಿನ ಕಾಲು ಎಳೆದುಕೊಂಡು ಏರಿಯನ್ನು ಹತ್ತಿ ಬರುತ್ತಿದ್ದರು. ಮಾತಾಡಲು ಉಸಿರಿಲ್ಲ. ಬಂದವರೇ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಇನ್ನೊಂದು ಕೈ ಅಂಗಿಯ ಜೇಬಿನಿಂದ ಪೆನ್ನು ತೆಗೆಯಿತು.

‘ಏನಾತು ಅಂತ ಕೇಳಲ್ಲ’ ಎಂದರು. ‘ಎಲ್ಲಿ ಸಹಿ ಹಾಕ್ಬೇಕು ಹೇಳ್ರಿ.’

ಆ ಪೆನ್ನನ್ನು ಅವರ ಜೇಬಿಗೇ ವಾಪಸ್ಸು ಹಾಕಿ, ಹೊಟ್ಟೆ ಕರಗಿಸಲು ಬಂದೆ ಎಂದು ಆ ಮನುಷ್ಯನಿಗೆ ಹೇಳಿದೆ. ಈಗ ನಾನು ಬೆಳಿಗ್ಗೆ ನಡೆಯುವುದು ಮರದ ಡಿಪೋ ಮುಂದೆ, ಗರಗಸದ ಹೊಟ್ಟಿನ ನಡುವೆ, ಸೀನುತ್ತ. ಡಾಕ್ಟರು ಕೇಳಿದರೆ ಮಾತ್ರ ಏರಿಯ ಮೇಲೆ ಎಂದೇ ಹೇಳುತ್ತೇನೆ. ಅವರು ಹೊರಗಿನವರು, ಅದಕ್ಕೆ ಬೇರೆ ಅರ್ಥ ಕಟ್ಟುವುದಿಲ್ಲ.